ಸತ್ತ ಕೋಳಿಯನ್ನು ಸುಮ್ನೆ ಹೂಳಬೇಡಿ, ಮೊದಲು ಕೊಯ್ಸಿ ನೋಡಿಸಿ

ಮನೆ ಹಿತ್ತಲಲ್ಲಿ ಐವತ್ತೋ ನೂರೋ ಬಾಯ್ಲರ್ ಕೋಳಿ ಸಾಕುವವರು ದಯವಿಟ್ಟು ಇದನ್ನು ಓದಿ. ಪಾಂಡವಪುರದ ಹತ್ತಿರ ನಮ್ಮ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗಬಾರದು.

ಊರ ಹಬ್ಬಕ್ಕೆ ಮಾರೋಣ ಅಂತ ನೂರು ಮರಿ ತಂದಿದ್ದೆವು. ಮೂರು ವಾರ ಏನೂ ತೊಂದರೆ ಇರಲಿಲ್ಲ. ಆಮೇಲೆ ಫೀಡ್ ಖಾಲಿಯಾಯಿತು. ಮಳೆ ಇನ್ನೂ ಪೂರ್ತಿ ನಿಂತಿರಲಿಲ್ಲ. ಅಂಗಡಿಯವರು ಕಂಪನಿ ಫೀಡ್ ಬಂದಿಲ್ಲ, ಇದೂ ಅಂಥದ್ದೇ, ರೇಟೂ ಕಮ್ಮಿ ಅಂತ ಬೇರೆ ಚೀಲ ಕೊಟ್ಟರು. ಮೇಲೆ ಚೀಟಿ ಇಲ್ಲ, ತಯಾರಾದ ತಾರೀಖಿಲ್ಲ, ಬಿಲ್ಲೂ ಕೊಡಲಿಲ್ಲ. ಅದನ್ನು ಹಾಕಿದ ಮೇಲೆ ಕೋಳಿಗಳು ಮಂಕಾದವು. ತಿನ್ನುವುದು ಕಮ್ಮಿಯಾಯಿತು, ಕಾಲು ಬಿಳಿಚಿಕೊಂಡವು. ಮುಂದೆ ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಎರಡು ಮೂರು ಸತ್ತು ಬಿದ್ದಿರುತ್ತಿದ್ದವು.

ನೋಡಲು ಬಂದವರೆಲ್ಲ ಒಂದೊಂದು ಹೇಳಿದರು. ಕೋಳಿಯಿಂದ ಕೋಳಿಗೆ ಅಂಟುವ ಕೊಕ್ಕರೆ ರೋಗ ಅಂದರು, ಥಂಡಿ ಅಂದರು, ಯಾರದೋ ದೃಷ್ಟಿ ಅಂದರು. ಅಂಗಡಿಯವರು ಮಾತ್ರ ಬಹಳ ಧೈರ್ಯವಾಗಿ, "ಬಾಯ್ಲರ್‌ಗೆ ಹಾರ್ಟ್ ಅಟ್ಯಾಕ್ ಆಗ್ತದೆ ಅಣ್ಣ, ಈ ಪುಡಿ ನೀರಿಗೆ ಹಾಕಿ" ಅಂತ ಆಂಟಿಬಯೋಟಿಕ್ ಕೊಟ್ಟರು. ಅದು ಮುಗಿದ ಮೇಲೆ ಇನ್ನೊಂದು ಕೊಟ್ಟರು. ದುಡ್ಡು ಹೋಯಿತು, ಸಾವು ನಿಲ್ಲಲಿಲ್ಲ.

ಕೊನೆಗೆ ಅಮ್ಮನೇ ಆಗಷ್ಟೇ ಸತ್ತ ಎರಡು ಕೋಳಿ, ಜೊತೆಗೆ ಮಂಕಾಗಿದ್ದ ಒಂದನ್ನು ತೆಗೆದುಕೊಂಡು ತಾಲ್ಲೂಕು ಪಶು ಆಸ್ಪತ್ರೆಗೆ ಹೊರಟರು. ಡಾಕ್ಟರ್ ಹೊಟ್ಟೆ ಕೊಯ್ದು ತೋರಿಸಿದರು. ಕಡು ಕೆಂಪಗಿರಬೇಕಾದ ಲಿವರ್ ಹಳದಿಯಾಗಿ ಊದಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. "ಫೀಡ್ ಏನು ಹಾಕ್ತಿದ್ದೀರಮ್ಮ? ಸ್ವಲ್ಪ ತಂದು ತೋರಿಸಿ" ಅಂದರು. ಮನೆಗೆ ಬಂದು ಚೀಲವನ್ನು ಕೆಳಗಿನವರೆಗೂ ಸುರಿದು ನೋಡಿದರೆ ಮುಸುಕಿನ ಜೋಳದ ನುಚ್ಚು ಗಂಟುಗಂಟಾಗಿತ್ತು. ಗಂಟು ಒಡೆದರೆ ಒಳಗೆ ಹಸಿರು ಬೂಷ್ಟು. ಫೀಡನ್ನು ಲ್ಯಾಬಿಗೆ ಕಳಿಸಿದಾಗ ಡಾಕ್ಟರ ಅನುಮಾನವೇ ನಿಜವಾಯಿತು. ಅದರಲ್ಲಿ ಅಫ್ಲಾಟಾಕ್ಸಿನ್ ಇತ್ತು.

ಇದು ಒಂದು ಜಾತಿಯ ಬೂಷ್ಟು ಬಿಡುವ ವಿಷ. ಸರಿಯಾಗಿ ಒಣಗದ ಜೋಳ, ಕಡಲೆಕಾಯಿ ಹಿಂಡಿಯಲ್ಲಿ ಜಾಸ್ತಿ. ಕೋಳಿಯ ಲಿವರನ್ನು ಹಾಳು ಮಾಡುವುದಲ್ಲದೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಅಂಥ ಕೋಳಿಗೆ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಬೂಷ್ಟು ಬಂದ ಫೀಡನ್ನು ಬಿಸಿಲಿಗೆ ಹರಡಿ, ಹುರಿದು ಹಾಕುವವರಿದ್ದಾರೆ. ಬೂಷ್ಟು ಸಾಯಬಹುದು, ಆದರೆ ಆ ವಿಷ ಬಿಸಿಲಿಗೂ ಬಾಣಲೆಗೂ ಪೂರ್ತಿ ಹೋಗುವಂಥದ್ದಲ್ಲ. ಆಂಟಿಬಯೋಟಿಕ್‌ಗಂತೂ ಅದರ ಹತ್ತಿರ ಏನೂ ಕೆಲಸವಿಲ್ಲ.

ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಪುಡಿಯ ವಿಷಯಕ್ಕೆ. ಕೋಳಿಯನ್ನು ಕಣ್ಣಲ್ಲೂ ನೋಡದೆ ಔಷಧಿ ಮಾರುವುದು ಎಷ್ಟು ಸರಿ? ಅದು ಮಾಂಸದಲ್ಲಿ ಉಳಿಯುತ್ತದೆ. ಕೊಟ್ಟ ಮೇಲೆ ಇಷ್ಟು ದಿನ ಕೋಳಿ ಮಾರಬಾರದು ಅಂತ ಲೆಕ್ಕವಿದೆ. ಅದನ್ನೂ ಅವರು ಹೇಳಲಿಲ್ಲ.

ಹಾರ್ಟ್ ಅಟ್ಯಾಕ್ ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ಬೇಗ ಮೈ ತುಂಬಿಕೊಂಡ ಹುಂಜ, ಅಲ್ಲಿಯವರೆಗೂ ಚೆನ್ನಾಗಿ ತಿನ್ನುತ್ತಿದ್ದದ್ದು, ರೆಕ್ಕೆ ಬಡಿದು ಅಂಗಾತ ಬಿದ್ದು ಸಾಯುವುದುಂಟು. ಆದರೆ ಅದಕ್ಕೆ ಮುಂಚೆ ಅದು ಮಂಕಾಗಿರುವುದಿಲ್ಲ. ಚಳಿಗಾಲದಲ್ಲಿ ನಾಲ್ಕು ಕಡೆಯೂ ಟಾರ್ಪಾಲ್ ಬಿಗಿದು ಗಾಳಿಯಾಡದಂತೆ ಮಾಡಿದರೆ ಹೃದಯ, ಶ್ವಾಸಕೋಶಕ್ಕೆ ಭಾರ ಬಿದ್ದು ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತವೆ. ಒಳಗೆ ಹೋದ ತಕ್ಷಣ ನಿಮ್ಮ ಕಣ್ಣು ಉರಿದರೆ ಗಾಳಿ ಸಾಲದು ಅಂತಲೇ ತಿಳಿಯಿರಿ. ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ಇರಬಹುದು, ಅದಕ್ಕೆ ಬೇರೆಯೇ ಔಷಧಿ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನದಿಂದ ಸಂಜೆಯೊಳಗೆ ದಪ್ಪ ದಪ್ಪ ಕೋಳಿಗಳೇ ಬಾಯಿ ತೆರೆದು ಏದುಸಿರು ಬಿಟ್ಟು ಸತ್ತರೆ ಅದು ಸೆಕೆ. ಬಿಸಿಲೇರುವ ಮೊದಲು ಫೀಡ್ ತೆಗೆದು ಸಂಜೆ ತಂಪಾದ ಮೇಲೆ ಕೊಡಿ, ತಣ್ಣನೆ ನೀರು ಮಾತ್ರ ತಪ್ಪಿಸಬೇಡಿ. ಮೊದಲ ವಾರದ ಮರಿಗೆ 32ರಿಂದ 35 ಡಿಗ್ರಿ ಶಾಖ ಬೇಕು. ರಾತ್ರಿ ಕರೆಂಟ್ ಹೋದರೆ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಲಸಿಕೆ ಹಾಕಿಸಿದರೂ ಕೊಕ್ಕರೆ ರೋಗ ಬಂತು ಅನ್ನುವವರು ಒಮ್ಮೆ ನೀರಿನ ಕಡೆ ನೋಡಿ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರಲ್ಲಿ ಬೆರೆಸಿದರೆ ಲಸಿಕೆ ಅಲ್ಲೇ ಸತ್ತುಹೋಗುತ್ತದೆ.

ಇಷ್ಟೊಂದು ಕಾರಣ ಇರುವಾಗ ದೂರದಲ್ಲಿ ನಿಂತು ಊಹೆ ಮಾಡಿದರೆ ಹೇಗೆ ಗೊತ್ತಾಗಬೇಕು, ಅಲ್ವಾ? ಒಂದರ ಹಿಂದೆ ಒಂದು ಸಾಯಲು ಶುರುವಾದ ದಿನವೇ ಪಶು ಆಸ್ಪತ್ರೆಗೆ ಹೋಗಿ. ಸತ್ತು ಕೆಲವೇ ಗಂಟೆಯೊಳಗೆ ತಲುಪಿಸಬೇಕು, ಬಾಯ್ಲರ್ ಬೇಗ ಕೊಳೆಯುತ್ತದೆ. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಐಸ್ ಮೇಲೆ ಇಡಿ. ಫ್ರೀಜರಿಗೆ ಹಾಕಬೇಡಿ, ಗಟ್ಟಿಯಾದರೆ ಒಳಗಿನದು ಸರಿಯಾಗಿ ಗೊತ್ತಾಗುವುದಿಲ್ಲ. ಫೀಡ್ ಒಂದು ಹಿಡಿ, ಯಾವ ದಿನ ಎಷ್ಟು ಸತ್ತವು ಅನ್ನುವ ಚೀಟಿ ಜೊತೆಗಿರಲಿ.

ಒಂದೇ ದಿನ ರಾಶಿಗಟ್ಟಲೆ ಸತ್ತರೆ, ಜುಟ್ಟು ನೀಲಿಯಾಗಿ ಮುಖ ಊದಿದ್ದರೆ ಮಾತ್ರ ನೀವು ಮುಟ್ಟಲೂ ಬೇಡಿ, ಎಲ್ಲಿಗೂ ಒಯ್ಯಲೂ ಬೇಡಿ. ಆಸ್ಪತ್ರೆಗೆ ಫೋನ್ ಮಾಡಿ, ಅವರೇ ಬರಲಿ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿಗೇ ಹಕ್ಕಿಜ್ವರ ಬಂದಿತ್ತು. ಇದು ಎಲ್ಲೋ ದೂರದ ಮಾತಲ್ಲ. ಸತ್ತದ್ದನ್ನು ನಾಲೆಗೆ ಎಸೆಯುವ ಅಭ್ಯಾಸ ನಮ್ಮ ಕಡೆ ಇದೆ, ದಯವಿಟ್ಟು ಬಿಡಿ. ಕೆಳಗಿನ ಊರಿನ ದನಕರು ಅದೇ ನೀರು ಕುಡಿಯುತ್ತವೆ.

ಫೀಡ್ ತರುವಾಗ ಕಂಪನಿ ಹೊಲಿಗೆ, ತಾರೀಖು ನೋಡಿ, ಬಿಲ್ ಕೇಳಿ ಪಡೆಯಿರಿ. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲೆ ಇಡಿ. ಮೂಗಿಗೆ ಮುಗ್ಗಲು ವಾಸನೆ ಬಂದರೆ ವಾಪಸ್ ಕೊಡಿ.

ನಮ್ಮಲ್ಲಿ ಮಿಕ್ಕಿದ್ದ ಫೀಡನ್ನು ಪಕ್ಕದ ಮನೆಯವರು ಹಸುವಿಗೆ ಹಾಕುತ್ತೇವೆ ಅಂತ ಕೇಳಿದ್ದರು. ಡಾಕ್ಟರ್ ಬೇಡವೇ ಬೇಡ ಅಂದರು. ಈ ವಿಷ ಹಸುವಿನ ಹಾಲಿಗೂ ಇಳಿಯುತ್ತದಂತೆ, ಆ ಹಾಲನ್ನು ಮಕ್ಕಳು ಕುಡಿಯುತ್ತಾರೆ. ಅಷ್ಟನ್ನೂ ಸುಣ್ಣದ ಜೊತೆ ಗುಂಡಿಗೆ ಹಾಕಿ ಮುಚ್ಚಿದೆವು. ನೀವೂ ಹಾಗೇ ಮಾಡಿ, ಯಾರಿಗೂ ಕೊಡಬೇಡಿ.