ಏಡಿ ಚಿಪ್ಪಿನ ಎಣ್ಣೆಗೆ ಆರು ಲಿಂಬೆಹಣ್ಣು: ಮೂರು ಹಂಗಾಮು ಬಳಸಿದ ಮೇಲೆ

ಏಡಿ ಚಿಪ್ಪಿನಿಂದ ತೆಗೆದು ಗಿಡದ ರೋಗಕ್ಕೆ ಅಂತ ಮಾರುವ ಈ ಕೈಟೋಸಾನ್ ಔಷಧದ (ಹೊಡೆಯೋ ಔಷಧಕ್ಕೆ ನಾವು ಎಣ್ಣೆ ಅಂತೀವಿ) ಬಾಟಲಿ ಮೇಲೆ ನನಗೆ ಒಂದು ವರ್ಷ ಪೂರ್ತಿ ಸಿಟ್ಟಿತ್ತು. ರೋಗ ಹೋಗಲಿಲ್ಲ ಅಂತ ಅಲ್ಲ. ಅದು ಆಮೇಲಿನ ಮಾತು. ಸಿಟ್ಟು ಬಂದಿದ್ದು ಪಂಪಿನ ನೋಜಲ್ ಕಟ್ಟಿಕೊಂಡಿದ್ದಕ್ಕೆ.

ನಮ್ಮದು ಶಹಾಪುರ ತಾಲ್ಲೂಕು. ಹತ್ತಿಯ ಜೊತೆ ಇಪ್ಪತ್ತು ಗುಂಟೆ ಮೆಣಸಿನಕಾಯಿ ಹಾಕ್ತೀವಿ. ಕಾಲುವೆ ಬಂದಾಗ ಕಾಲುವೆ ನೀರು, ಬರದಿದ್ದಾಗ ಬೋರು. ಬೋರಿನ ನೀರು ಸವಳು. ಆ ನೀರಿನಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಇಷ್ಟು ಗೊತ್ತಿದ್ದೂ ನನಗೆ ತಲೆಗೆ ಹೊಳೆಯಲಿಲ್ಲ ನೋಡಿ.

ಮೊದಲ ವರ್ಷ ಮೆಣಸಿನ ಎಲೆ ಕೆಳಗೆ ಬೂದಿ ರೋಗದ ಬಿಳಿ ಶಿಲೀಂಧ್ರ ಕಾಣಿಸಿದ ಮೇಲೆ ಅಂಗಡಿಗೆ ಹೋದೆ. "ಇದು ಹೊಡೀರಿ ಅಣ್ಣಾರ, ಗಿಡಕ್ಕ ಒಳಗಿಂದ ಶಕ್ತಿ ಬರ್ತದ" ಅಂತ ಕೊಟ್ಟರು. ಹದಿನಾರು ಲೀಟರ್ ಪಂಪಿಗೆ ಬೋರಿನ ನೀರು ತುಂಬಿಸಿ, ಅಳತೆ ಪ್ರಕಾರ ಹಾಕಿ, ಹೊಡೆಯೋಕೆ ಶುರು ಮಾಡಿದೆ. ಎರಡು ಸಾಲು ಮುಗಿಯೋದರೊಳಗೆ ಮಂಜಿನಂತೆ ಬರುತ್ತಿದ್ದದ್ದು ದಾರದಂತಾಯಿತು. ಆಮೇಲೆ ತೊಟ್ಟು. ಆಮೇಲೆ ಅದೂ ಇಲ್ಲ. ನೋಜಲ್ ಬಿಚ್ಚಿದರೆ ಒಳಗೆ ಒಡೆದ ಹಾಲಿನ ಹಾಗೆ ಬೆಳ್ಳಗೆ, ಜಿಗಟು. ಕಸಬರಿಗೆ ಕಡ್ಡಿ ಹಾಕಿ ತೆಗೆದೆ, ಮತ್ತೆ ಕಟ್ಟಿತು. ಆವತ್ತು ಬೆಳಿಗ್ಗೆ ಹನ್ನೊಂದು ಸಲ ಬಿಚ್ಚಿದ್ದೀನಿ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು ನೋಡಿ, "ಏನಪಾ, ಎಣ್ಣಿ ಹೊಡಿಲಾಕತ್ತೀ ಏನ್ ಪಂಪ್ ರಿಪೇರಿ ಮಾಡ್ಲಾಕತ್ತೀ?" ಅಂದರು.

ಬೂದಿ ರೋಗವೂ ನಿಲ್ಲಲಿಲ್ಲ. ಕೊನೆಗೆ ಗಂಧಕವೇ ಹೊಡೆದೆ. ಉಳಿದ ಅರ್ಧ ಬಾಟಲಿ ದನದ ಕೊಟ್ಟಿಗೆಯ ಗೂಡಿನಲ್ಲಿ ಬಿತ್ತು.

ಅದನ್ನು ಅಲ್ಲಿಂದ ತೆಗೆದವನು ನನ್ನ ತಂಗಿಯ ಮಗ. ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿ ಓದ್ತಾನೆ. ದೀಪಾವಳಿಗೆ ಬಂದವನು ಬಾಟಲಿ ತಿರುಗಿಸಿ ಓದಿ ನಕ್ಕುಬಿಟ್ಟ. "ಮಾಮಾ, ಇದು ಹುಳಿ ನೀರಿನ್ಯಾಗ ಮಾತ್ರ ಕರಗ್ತದ. ನಿಮ್ಮ ಸವಳು ನೀರಿಗೆ ಹಾಕಿದ್ರ ಒಡದು ಗಡ್ಡಿ ಕಟ್ತದ." ನೀರಿನ ಪಿಎಚ್, ಅಂದರೆ ಹುಳಿಯ ಅಳತೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಆರೂವರೆ ದಾಟಿತೋ, ಕರಗಿದ್ದೆಲ್ಲ ಹೊರಗೆ ಬಂದು ಕೂರುತ್ತದಂತೆ. ಅವನು ತಂದಿದ್ದ ಕಾಗದದ ಪಟ್ಟಿ ಅದ್ದಿದರೆ ನಮ್ಮ ಬೋರಿನದು ಎಂಟು ತೋರಿಸಿತು. ಬಾಟಲಿ ಮೇಲೆ ಇದರ ಬಗ್ಗೆ ಒಂದು ಸಾಲಿಲ್ಲ! ಬೋರಿನ ನೀರನ್ನೇ ನಂಬಿದ ಊರುಗಳಿಗೆ ಮಾರುವಾಗ ಇಷ್ಟಾದರೂ ಬರೆಯಬೇಡವಾ?

ಆವತ್ತು ಬಕೆಟ್ ನೀರಿಗೆ ಮನೆಯ ಲಿಂಬೆಹಣ್ಣು ಹಿಂಡಿದೆವು. ಆರು ಹಣ್ಣು ಬೇಕಾಯಿತು. ಪಟ್ಟಿ ಐದೂವರೆ ತೋರಿಸಿದ ಮೇಲೆ ಔಷಧ ಹಾಕಿ ಕಲಸಿದರೆ ಒಂದು ಗಡ್ಡೆಯೂ ಇಲ್ಲ. ಹಾಲಿಗೆ ಲಿಂಬೆ ಹಿಂಡಿದರೆ ಒಡೆಯುತ್ತೆ, ಇದಕ್ಕೆ ಹಿಂಡದಿದ್ದರೆ ಒಡೆಯುತ್ತೆ. ನನಗೆ ಅದೇ ಒಂದು ಆಟದ ಹಾಗೆ ಖುಷಿ ಕೊಟ್ಟಿತು. ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಈಗ ಆರು ಲಿಂಬೆ ಹಾಳು ಮಾಡಲ್ಲ. ಕಿರಾಣಿ ಅಂಗಡಿಯ ಲಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಪಂಪಿಗೆ ಎರಡು ಚಮಚ ಸಾಕು. ಬಿಸಿಲೇರುವ ಮುಂಚೆ ಬಕೆಟ್ ತುಂಬಿಸೋದು, ಮೊದಲು ಹುಳಿ, ಆಮೇಲೆ ಪಟ್ಟಿ, ಆಮೇಲೆ ಔಷಧ, ಬೇವಿನ ಕೋಲಲ್ಲಿ ನಿಧಾನ ತಿರುಗಿಸೋದು, ಹಳೆ ಪಂಚೆಯಲ್ಲಿ ಸೋಸೋದು. ಸೋಸೋ ಅಗತ್ಯ ಈಗಿಲ್ಲ. ಆದರೂ ಆ ಹನ್ನೊಂದು ಸಲ ಮರೆತಿಲ್ಲ. ಮಳೆಗಾಲದಲ್ಲಿ ತಗಡಿನಿಂದ ಹಿಡಿದ ನೀರಿದ್ದರೆ ಲಿಂಬೆ ಉಪ್ಪೂ ಬೇಡ.

ಇನ್ನು ರೋಗದ ಮಾತು. ಅದರಲ್ಲಿ ತಪ್ಪು ನನ್ನದೇ. ಇದು ಬೂದಿಯನ್ನು ಸುಡುವ ಎಣ್ಣೆ ಅಲ್ಲ. ಸಿಗಡಿ, ಏಡಿ ಚಿಪ್ಪಿನಿಂದ ತೆಗೆದ ವಸ್ತು. ಚಿಪ್ಪಿನಲ್ಲಿರುವ ಕೈಟಿನ್ ಶಿಲೀಂಧ್ರದ ಮೈಗೋಡೆಯಲ್ಲೂ ಇರುತ್ತದೆ. ಅದರದೇ ಜಾತಿಯ ಈ ಕೈಟೋಸಾನ್ ಎಲೆ ಮೇಲೆ ಬಿದ್ದರೆ ವೈರಿ ಬಂದ ಅಂತ ಗಿಡ ತಯಾರಿ ಮಾಡಿಕೊಳ್ಳುತ್ತದೆ. ಶಿಲೀಂಧ್ರದ ಗೋಡೆ ಕರಗಿಸುವ ಕಿಣ್ವ ಮಾಡುತ್ತದೆ, ತನ್ನ ಗೋಡೆ ಗಟ್ಟಿ ಮಾಡಿಕೊಳ್ಳುತ್ತದೆ. ಅದಕ್ಕೆ ಕೆಲವು ದಿನ ಬೇಕು. ಮನೆಗೆ ಕಳ್ಳ ನುಗ್ಗಿದ ಮೇಲೆ ನಾಯಿ ಸಾಕೋಕೆ ಹೋದಂಗೆ ಮಾಡಿದ್ದೆ ನಾನು. ಇದೇ ರೀತಿ 1979ರಲ್ಲೇ ತಂಬಾಕು ಗಿಡದ ಎಲೆಗೆ ಆಸ್ಪಿರಿನ್ ಚುಚ್ಚಿ ಮೊಸಾಯಿಕ್ ವೈರಸ್ ತಡೆಯೋ ಶಕ್ತಿ ಬರುತ್ತದೆ ಅಂತ ತೋರಿಸಿದ್ದರಂತೆ. ನಮ್ಮ ತಲೆನೋವಿನ ಮಾತ್ರೆ! ಅಳಿಯ ಹೇಳಿದಾಗ ನಂಬಲಿಲ್ಲ, ಪುಸ್ತಕ ತೋರಿಸಿದ.

ಎರಡನೇ ವರ್ಷ ಸಸಿ ನಾಟಿ ಮಾಡಿ ಇಪ್ಪತ್ತು ದಿನಕ್ಕೇ ಶುರು ಮಾಡಿ, ಹದಿನೈದು ದಿನಕ್ಕೊಮ್ಮೆ ಹೊಡೆದೆ. ಆಗ ಅವ್ವನಿಗೆ ಏಡಿ ಚಿಪ್ಪಿನ ಸುದ್ದಿ ಗೊತ್ತಾಯಿತು. "ಏಡಿ ನೀರು ಬಿದ್ದ ಕಾಯಿ ನಾ ಒಲಿ ಮ್ಯಾಲ ಇಡಾಂಗಿಲ್ಲ" ಅಂತ ಹಟ ಹಿಡಿದಳು. ಬಾವಿ ಕಡೆಯ ಮೂರು ಸಾಲು ಅವಳಿಗೆ ಬಿಟ್ಟುಕೊಟ್ಟೆ. ಹೀಗಾಗಿ ಹೋಲಿಸಿ ನೋಡೋಕೆ ನನಗೆ ಪುಕ್ಕಟೆ ದಾರಿ ಸಿಕ್ಕಿತು. ಅವ್ವನ ಸಾಲಿಗೆ ಡಿಸೆಂಬರ್ ಶುರುವಿನಲ್ಲೇ ಬೂದಿ ಬಂತು. ನನ್ನ ಸಾಲಿಗೂ ಬಂತು. ಆದರೆ ಹತ್ತು ಹನ್ನೆರಡು ದಿನ ತಡವಾಗಿ, ಕೆಳಗಿನ ಎಲೆಗಳಿಗಷ್ಟೇ. ಗಂಧಕ ಒಂದು ಸಲ ಕಡಿಮೆ ಹೊಡೆದೆ. ಅಷ್ಟೇ ಲಾಭ. ಬಾಟಲಿ ದುಡ್ಡು ಕಳೆದರೆ ಲೆಕ್ಕ ಹೆಚ್ಚೂ ಕಡಿಮೆ ಸಮ.

ಮೂರನೇ ವರ್ಷ ಎಲೆ ಮುದುಡುವ ರೋಗ ಬಂತು. ರಸ ಹೀರುವ ನುಸಿ, ಥ್ರಿಪ್ಸ್ ಅನ್ನೋ ಸಣ್ಣ ಹುಳುಗಳ ಹಾವಳಿ. ಅದಕ್ಕೆ ಇದರಿಂದ ಏನೂ ಆಗಲಿಲ್ಲ. ನನ್ನ ಸಾಲು, ಅವ್ವನ ಸಾಲು, ಎರಡೂ ಒಂದೇ ಥರ ಮುದುಡಿದವು. ಅಂಗಡಿಯಲ್ಲಿ ಎಲ್ಲಾ ರೋಗಕ್ಕೂ ಆಗ್ತದೆ ಅಂದರೆ ನಂಬಬೇಡಿ. ಮೈಲುತುತ್ತದ ಬೋರ್ಡೋ ದ್ರಾವಣದ ಜೊತೆಗಂತೂ ಬೆರೆಸಲೇಬೇಡಿ. ಅದರಲ್ಲಿ ಸುಣ್ಣ ಇದೆ, ಮತ್ತೆ ಒಡೆದ ಹಾಲೇ.

ಹತ್ತಿಗೆ ಇದನ್ನು ಹೊಡೆಯಲ್ಲ, ಅಷ್ಟು ಎಕರೆಗೆ ನನ್ನ ಜೇಬು ತಡೆಯಲ್ಲ. ಇಪ್ಪತ್ತು ಗುಂಟೆಗೆ ಪರವಾಗಿಲ್ಲ. ಐದಕ್ಕೆ ಮೂರು ಕೊಡ್ತೀನಿ. ಬಾಟಲಿ ಮೇಲೆ ನೀರಿನ ವಿಚಾರ ಬರೆದಿದ್ದರೆ ನಾಲ್ಕು ಕೊಡ್ತಿದ್ದೆ.

ಈ ವರ್ಷದ ಬಾಟಲಿ ತಂದಾಗಿದೆ. ಬಾವಿ ಕಡೆಯ ಮೂರು ಸಾಲು ಈ ಸಲವೂ ಅವ್ವನಿಗೇ. ಅದರ ಹಣ್ಣು ಮೆಣಸಿನಕಾಯಿಯಿಂದ ಅವಳು ಕುಟ್ಟೋ ರಂಜಕದ ಚಟ್ನಿಗೆ ಲಿಂಬೆ ಹಿಂಡ್ತಾಳೆ, ಆ ಲಿಂಬೆಹಣ್ಣು ನಾನು ಮುಟ್ಟೋ ಹಾಗಿಲ್ಲ.