ಫೋರ್ಟಿಸಿಪ್, ಫೋರ್ಟಿಜ್ಯೂಸ್: ಕ್ಯಾಲರಿ ಒಂದೇ, ಕೆಲಸ ಬೇರೆ

ಫೋರ್ಟಿಸಿಪ್, ಫೋರ್ಟಿಜ್ಯೂಸ್ ಎರಡೂ ಊಟ ಸಾಲದವರು ಕುಡಿಯುವ ಸಿದ್ಧ ಪೌಷ್ಟಿಕ ಪಾನೀಯಗಳು. ಎರಡೂ 200 ಮಿಲಿಲೀಟರ್ ಬಾಟಲಿ, ಎರಡರಲ್ಲೂ 300 ಕ್ಯಾಲರಿ. ದ್ರವಾಹಾರದಲ್ಲಿರುವವರು ರುಚಿ ನೋಡಿ ಯಾವುದೋ ಒಂದನ್ನು ಹಿಡಿದುಬಿಡುತ್ತಾರೆ. ಎಡವುವುದು ಅಲ್ಲೇ. ಹಾಲಿನಂತಿರುವ ಫೋರ್ಟಿಸಿಪ್‌ನಲ್ಲಿ ಪ್ರೋಟೀನ್ ಸುಮಾರು 12 ಗ್ರಾಂ. ಹಣ್ಣಿನ ರಸದಂತಿರುವ ಫೋರ್ಟಿಜ್ಯೂಸ್‌ನಲ್ಲಿ 8 ಗ್ರಾಂ ಆಸುಪಾಸು, ಕೊಬ್ಬು ಇಲ್ಲವೇ ಇಲ್ಲ. ಕೊಬ್ಬಿಲ್ಲದೆ 300 ಕ್ಯಾಲರಿ ಬರಬೇಕಾದರೆ ಮಿಕ್ಕಿದ್ದೆಲ್ಲ ಕಾರ್ಬೊಹೈಡ್ರೇಟೇ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟದಿರುವುದು ಒಳ್ಳೆಯದು.

ದಿನಕ್ಕೆ 5 ಬಾಟಲಿ ಎಂದಿಟ್ಟುಕೊಳ್ಳಿ, 1500 ಕ್ಯಾಲರಿ. ಫೋರ್ಟಿಸಿಪ್ ಆದರೆ 60 ಗ್ರಾಂ ಪ್ರೋಟೀನ್, ಫೋರ್ಟಿಜ್ಯೂಸ್ ಆದರೆ 40. ಶಸ್ತ್ರಚಿಕಿತ್ಸೆಯ ಗಾಯ ಮಾಯಬೇಕಾದವರಿಗೆ ಈ 20 ಗ್ರಾಂ ಸಣ್ಣದಲ್ಲ. ನಮ್ಮ ಆಯ್ಕೆ: ಬುನಾದಿಗೆ ಫೋರ್ಟಿಸಿಪ್, ಹಾಲಿನ ಸಿಹಿ ಬಾಯಿಗೆ ಒಗ್ಗದಾದಾಗ ನಡುವೆ ಒಂದು ಫೋರ್ಟಿಜ್ಯೂಸ್.

ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳದ್ದು ನೀರು. 5 ಬಾಟಲಿ ಸೇರಿದರೆ 1 ಲೀಟರ್, ಆದರೆ ಅದರಲ್ಲಿ ನೀರು ಮುಕ್ಕಾಲು ಲೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬೇರೆ ನೀರು ಕುಡಿಯದಿದ್ದರೆ ಮೂತ್ರ ಗಾಢ ಹಳದಿಯಾಗುತ್ತದೆ, ಮಲ ಕಟ್ಟುತ್ತದೆ. ಬೈಗುಳ ಮಾತ್ರ ಬಾಟಲಿಗೆ.

ಕುಡಿಯುವ ರೀತಿಯೂ ಮುಖ್ಯ. ಗಟಗಟ ಕುಡಿದರೆ ಸಾಂದ್ರವಾದ ದ್ರವ ಕರುಳಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ: ಹೊಟ್ಟೆಯುಬ್ಬರ, ನುಲಿತ, ಭೇದಿ. ಒಂದು ಬಾಟಲಿಗೆ ಅರ್ಧ ಗಂಟೆ ಕೊಡಿ, ಮೊದಲ ದಿನ ಅರ್ಧ ಬಾಟಲಿ ಸಾಕು. ಫ್ರಿಜ್‌ನಲ್ಲಿಟ್ಟು ತಣ್ಣಗೆ ಕುಡಿದರೆ ನಾಲಿಗೆಗೆ ಅಂಟುವ ಸಿಹಿ ಅಷ್ಟಾಗಿ ಕಾಡುವುದಿಲ್ಲ. ಫೋರ್ಟಿಸಿಪ್ ಬೆಚ್ಚಗೆ ಮಾಡಬಹುದು, ಕುದಿಸಬಾರದು. ಫೋರ್ಟಿಜ್ಯೂಸ್ ಹುಳಿ ಗುಣದ್ದು. ಹಾಲಿಗೆ, ಹಾಲು ಹಾಕಿದ ಕಾಫಿಗೆ ಬೆರೆಸಿದರೆ ಒಡೆಯುತ್ತದೆ. ಸೋಡಾ ಬೆರೆಸಿದರೆ ಹಗುರವಾಗುತ್ತದೆ. ಮುಚ್ಚಳ ತೆರೆದದ್ದನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ.

ಜ್ಯೂಸ್ ಅನ್ನುವ ಹೆಸರು ದಾರಿ ತಪ್ಪಿಸುತ್ತದೆ: ಅದರಲ್ಲೂ ಇರುವುದು ಹಾಲಿನ ಪ್ರೋಟೀನೇ, ಹಾಲಿನ ಅಲರ್ಜಿ ಇದ್ದವರಿಗೆ ಎರಡೂ ಆಗದು. ನುಂಗುವಾಗ ಕೆಮ್ಮು ಬರುವವರಿಗೂ ಎರಡೂ ತೀರಾ ತೆಳು, ಶ್ವಾಸನಾಳಕ್ಕೆ ಇಳಿಯಬಹುದು. ಗಟ್ಟಿಗೊಳಿಸುವ ಪುಡಿ ಎಷ್ಟು ಬೇಕೆಂದು ತಜ್ಞರೇ ಹೇಳಬೇಕು. ಕೊಲೊನೊಸ್ಕೋಪಿಗೆ (ದೊಡ್ಡ ಕರುಳಿನೊಳಗನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆ) ಮುನ್ನ 'ತಿಳಿ ದ್ರವ ಮಾತ್ರ' ಎಂದಿದ್ದರೆ ಫೋರ್ಟಿಸಿಪ್ ಅದರಲ್ಲಿ ಸೇರುವುದಿಲ್ಲ. ಫೋರ್ಟಿಜ್ಯೂಸ್ ಅನ್ನೂ ಆಸ್ಪತ್ರೆಯವರು ಒಪ್ಪಿದರೆ ಮಾತ್ರ ಕುಡಿಯಿರಿ, ಅದರಲ್ಲೂ ಕೆಂಪು ಬಣ್ಣದ್ದು ಬೇಡ. ಕರುಳಿನಲ್ಲಿ ಉಳಿದ ಬಣ್ಣ ರಕ್ತದಂತೆ ಕಾಣುತ್ತದೆ.