ಓಪನ್‌ವರ್ಟ್ ಹಾಕಿದ ‘ವಿ13’ ರೌಟರ್ ಅಂತ ಹುಬ್ಬಳ್ಳಿಯೊಳಗ ಮಾರಾಕತ್ತಾರ, ಸ್ಟಿಕ್ಕರ್ ನಂಬಬ್ಯಾಡ್ರಿ

ಹುಬ್ಬಳ್ಳಿ-ಧಾರವಾಡದಾಗ ಸೆಕೆಂಡ್ ಹ್ಯಾಂಡ್ ರೌಟರ್ ಹುಡುಕೋರು ರೊಕ್ಕ ಕೊಡೂಕಿಂತ ಮೊದ್ಲ ಇದನ್ನ ಓದ್ರಿ. ಓಪನ್‌ವರ್ಟ್ ಅಂದ್ರ ಕಂಪನಿ ಫರ್ಮ್‌ವೇರ್ (ರೌಟರ್ ನಡೆಸೋ ಸಾಫ್ಟ್‌ವೇರ್) ತೆಗೆದು ಅದರ ಜಾಗಾಕ್ಕ ಹಾಕೋ ಉಚಿತ ಸಾಫ್ಟ್‌ವೇರ್. ‘ವಿ13’ ಅಂದ್ರ ಆ ಮಾಡೆಲಿನ ಹಾರ್ಡ್‌ವೇರ್ ಆವೃತ್ತಿ ನಂಬರ್. “ಟಿಪಿ-ಲಿಂಕ್ ಡಬ್ಲ್ಯೂಆರ್841ಎನ್, ವಿ13, ಓಪನ್‌ವರ್ಟ್ ಹಾಕೇವಿ, ಆ್ಯಡ್‌ಬ್ಲಾಕ್ ನಡೀತೈತಿ” ಅಂತ ಹೇಳಿ ಒಬ್ಬ ದುರ್ಗದಬೈಲ್ ಕಡೆ ಕರೆಸಿ ಕೈಗೆ ಕೊಡ್ತಾನ. 1,200 ರೂಪಾಯಿ. ಒಳಗಿರೋದು ವಿ13 ಅಲ್ಲ, ವಿ11. ಮತ್ತೊಮ್ಮೆ ಹೇಳ್ತೀನಿ, ವಿ11! ತಪ್ಪು ಕಂಪನಿದಲ್ಲ, ಸ್ಟಿಕ್ಕರ್ ಬದಲಿ ಮಾಡಿದವಂದು.

ಎರಡು ನಂಬರ್ ಹಿಂದ-ಮುಂದ ಆದ್ರ ಏನಾತು ಅನ್ನಬ್ಯಾಡ್ರಿ. ವಿ13 ಒಳಗ ಮೀಡಿಯಾಟೆಕ್ ಚಿಪ್, 8 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಕೂಡೋ ಜಾಗ), 64 ಎಂಬಿ ರ್‍ಯಾಮ್. ವಿ11 ಒಳಗ ಕ್ವಾಲ್ಕಾಮ್ ಚಿಪ್, 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್. ಓಪನ್‌ವರ್ಟ್ 21.02 ರಿಂದ ಕನಿಷ್ಠ 8 ಮತ್ತು 64 ಬೇಕು. ಈ ಪುಣ್ಯಾತ್ಮ ತುರುಕಿದ್ದು ಹಳೇ ಆವೃತ್ತಿ 18.06. ಅದಕ್ಕ ಈಗ ಸೆಕ್ಯುರಿಟಿ ಅಪ್‌ಡೇಟ್ ಒಂದೂ ಬರಂಗಿಲ್ಲ. ಫರ್ಮ್‌ವೇರ್ ಕೂತಮ್ಯಾಲೆ ಫ್ಲ್ಯಾಶ್‌ನ್ಯಾಗ ಉಳಿಯೋದು ಕೆಲವು ನೂರು ಕೆಬಿ ಅಷ್ಟ. ಎಸ್‌ಕ್ಯೂಎಂ (ನೆಟ್ ದಟ್ಟಣೆ ಸಂಭಾಳಿಸೋ ಪ್ಯಾಕೇಜ್) ಹಾಕಾಕ ಹೋದ್ರ ಜಾಗ ಇಲ್ಲ ಅಂತೈತಿ. ಆ್ಯಡ್‌ಬ್ಲಾಕ್‌ನ ದೊಡ್ಡ ಪಟ್ಟಿ ಲೋಡ್ ಆದ್ರ ಮೆಮೊರಿ ತುಂಬಿ ಡಿಎನ್‌ಎಸ್ (ಸೈಟ್ ಹೆಸರಿಂದ ಅದರ ವಿಳಾಸ ಹುಡುಕೋ ಸೇವೆ) ಬಂದ್. ವೈಫೈ ಕಡ್ಡಿ ಪೂರ್ತಿ ಇರ್ತಾವು, ಒಂದು ಪೇಜ್ ತೆರೆಯಂಗಿಲ್ಲ.

ಫೋಟೋದಾಗ ಆಡಿದ ಆಟ ನೋಡ್ರಿ. ಲೂಸಿ, ಅಂದ್ರ ಬ್ರೌಸರಿನಾಗ ತೆರೆಯೋ ಓಪನ್‌ವರ್ಟ್ ಸೆಟ್ಟಿಂಗ್ ಪುಟ, ಅದರ ಓವರ್‌ವ್ಯೂ ಪುಟದ ಸ್ಕ್ರೀನ್‌ಶಾಟ್ ಕಳಸ್ತಾನ, ಮ್ಯಾಲೆ ದೊಡ್ಡದಾಗಿ ‘ವಿ13’ ಅಂತೈತಿ. ಅದು ಹೋಸ್ಟ್‌ನೇಮ್, ರೌಟರ್‌ಗೆ ನಾವ ಇಡೋ ಹೆಸರು ರೀ! ಅಲ್ಲೆ ಏನ್ ಬೇಕಾದ್ರೂ ಟೈಪ್ ಮಾಡಬಹುದು. ಖರೇ ಮಾಡೆಲ್ ಬರೋದು ಅದರ ಕೆಳಗಿನ ಸಾಲಿನಾಗ, ಅದನ್ನ ಕತ್ತರಿಸಿ ಕಳಿಸಿದ್ದ. ಇದು ಗೊತ್ತಿಲ್ದ ಮಾಡಿದ್ದಲ್ಲ. ಗೊತ್ತಿದ್ದವನ ಕೆಲಸ.

ಗುಟ್ಟು ಬಯಲಾಗಿದ್ದು ಅಪ್‌ಗ್ರೇಡ್ ಮಾಡೋವಾಗ. ವಿ13 ಫೈಲ್ ಏರಿಸಿದ್ರ, ಈ ಇಮೇಜ್ ಈ ಯಂತ್ರಕ್ಕ ಹೊಂದಂಗಿಲ್ಲ ಅಂತ ರೌಟರ್‌ನ ಹೇಳ್ತು. ಅದಕ್ಕ ಅವನ ಉತ್ತರ: “ಫೋರ್ಸ್ ಹೊಡೀರಿ ಸರ, ಹೊಸಾ ಫೈಲಿಗೆ ಅದು ಹಂಗ ಅಂತೈತಿ.” ಮೈ ಉರದಿದ್ದು ಇಲ್ಲೆ. ಮೀಡಿಯಾಟೆಕ್ ಫೈಲನ್ನ ಕ್ವಾಲ್ಕಾಮ್ ಮ್ಯಾಲೆ ಒತ್ತಾಯದಿಂದ ಹಾಕಿದ್ರ ಅದು ಬೂಟ್ ಆಗಂಗಿಲ್ಲ. ಆಮ್ಯಾಲೆ “ನೀವ ಕೆಡಿಸೀರಿ” ಅನ್ನಾಕ ಹಾದಿ ಸಲೀಸು. ಎಚ್ಚರಿಕೆ ದಾಟಿಸಿ ಹಾಕೋ ಆ ಫೋರ್ಸ್ ಬಟನ್ ನಾ ಮುಟ್ಟಲಿಲ್ಲ, ಎಸ್‌ಎಸ್‌ಎಚ್‌ನಿಂದ (ಕಮಾಂಡ್ ಟೈಪ್ ಮಾಡೋ ಹಾದಿ) ಒಳಗ ಹೋಗಿ ಸಿಪಿಯು ಮಾಹಿತಿ ತೆಗೆದ್ರ ಕ್ಯೂಸಿಎ9533 ಅಂತ ಬಂತು, ಅದು ವಿ11ರ ಕ್ವಾಲ್ಕಾಮ್ ಚಿಪ್. ಒಟ್ಟು ಮೆಮೊರಿ ಸುಮಾರು 27 ಎಂಬಿ, 32ರಾಗ ಉಳಿದದ್ದನ್ನ ಸಿಸ್ಟಮ್‌ನ ಹಿಡಕೊಂಡಿರ್ತೈತಿ. ಅದರ ಫೋಟೋ ಕಳಿಸಿದ್ರ ಏನಂದ ಗೊತ್ತೇನು? “ಹಾರ್ಡ್‌ವೇರ್ ಎಲ್ಲಾ ಒಂದ ರೀ, ಕಂಪನಿಯವ್ರು ನಂಬರ್ ಅಷ್ಟ ಬದಲಿ ಮಾಡ್ತಾರ.” ಆಮ್ಯಾಲೆ, “ಹಳೆ ಮಾಲಿಗೆ ಗ್ಯಾರಂಟಿ ಇರಂಗಿಲ್ರಿ.” ಗ್ಯಾರಂಟಿ ಯಾರು ಕೇಳಿದ್ರೋ ಮಾರಾಯಾ, ಹೇಳಿದ ಮಾಲು ಕೊಡು ಅಂದ್ರ! ಆಮ್ಯಾಲೆ ಫೋನ್ ಎತ್ತಿಲ್ಲ.

ಸ್ಟಿಕ್ಕರ್ ನೋಡಿ ರೊಕ್ಕ ಕೊಡಬ್ಯಾಡ್ರಿ. ಪವರ್ ಬ್ಯಾಂಕಿಂದ ನಡೆಯೋ ಕೇಬಲ್ ಒಯ್ದು ಅಲ್ಲೇ ಚಾಲು ಮಾಡಿಸಿ, ಬ್ರೌಸರಿನಾಗ 192.168.1.1 (ರೌಟರ್ ಸೆಟ್ಟಿಂಗ್ ಪುಟ) ತೆರೆದು ಮಾಡೆಲ್ ಸಾಲು, ಒಟ್ಟು ಮೆಮೊರಿ ಎರಡೂ ನೋಡ್ರಿ. 64 ಎಂಬಿ ಯಂತ್ರ ಆದ್ರ 60ರ ಆಜೂಬಾಜು ತೋರಸ್ತೈತಿ, 27 ಅಲ್ಲ. ಓಪನ್‌ವರ್ಟ್ ಸಲುವಾಗೇ ಹೊಸದು ತೊಗೊಳ್ಳೋರಾದ್ರ 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್‌ಕಿಂತ ಕೆಳಗ ಇಳೀಬ್ಯಾಡ್ರಿ. ಆರ್ಚರ್ ಸಿ6 ವಿ3 ಅಷ್ಟು ಕೊಡ್ತೈತಿ. ಅದರ ವಿ2 ಬ್ಯಾರೆ ಚಿಪ್, 8 ಎಂಬಿ ಫ್ಲ್ಯಾಶ್. ಹೆಸರು ಒಂದ.

ಈಗಾಗ್ಲೇ ವಿ11 ಗಂಟು ಬಿದ್ದಿದ್ರ ಅದರ ಮ್ಯಾಲೆ ಹೊಸ ಓಪನ್‌ವರ್ಟ್ ಹಾಕೋ ಹಟ ಬಿಡ್ರಿ. ಕಂಪನಿ ಫರ್ಮ್‌ವೇರ್‌ಗೆ ಮರಳಿಸಿ ಬರೇ ಆ್ಯಕ್ಸೆಸ್ ಪಾಯಿಂಟ್ (ಬ್ಯಾರೆ ರೌಟರ್‌ನ ನೆಟ್ಟನ್ನ ವೈಫೈ ಆಗಿ ಕೊಡೋ ಯಂತ್ರ) ಆಗಿ ಬಳಸ್ರಿ. ಆದ್ರ ಕಂಪನಿ ಫೈಲಿನ ಹೆಸರಿನಾಗ ‘ಬೂಟ್’ ಅಂತಿದ್ರ ಅದನ್ನ ಓಪನ್‌ವರ್ಟ್‌ನಿಂದ ಹಂಗ ಏರಿಸಬ್ಯಾಡ್ರಿ, ಫೈಲಿನ ಶುರುವಿಗಿರೋ ಬೂಟ್‌ಲೋಡರ್ (ರೌಟರ್ ಚಾಲು ಮಾಡೋ ಮೊದಲ ಪ್ರೋಗ್ರಾಮ್) ಭಾಗ ಕತ್ತರಿಸಿದಮ್ಯಾಲೇ ಹಾಕಬೇಕು.